ಬಿಕ್ಕಟ್ಟಿನ ವರ್ಷದ ಭೂಮಿ ಹುಣ್ಣಿಮೆ

ಅರವತ್ತರ ದಶಕದಲ್ಲಿ ನಮ್ಮೂರಿಗೆ ದಿನಪತ್ರಿಕೆ ಸಾಗರದ ಬಸ್ಸಿನಲ್ಲಿ ಬರುತ್ತಿತ್ತು. ಅಷ್ಟಿಷ್ಟು ಕಲಿತವನೆಂದು ಅದನ್ನು ಊರವರಿಗೆ ಓದಿ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಅಕ್ಕಿಯ ಬಿಕ್ಕಟ್ಟು, ಗಡಿಯ ಬಿಕ್ಕಟ್ಟು, ಮಂತ್ರಿಮಂಡಲದ ಬಿಕ್ಕಟ್ಟು. ಮಂತ್ರಿಗಳು ಕುರ್ಚಿಗಾಗಿ ಕಿತ್ತಾಡಿದರೂ ಅದೇ ಪದ, ಊರಿಗೆ ಊರೇ ಹಸಿದರೂ ಅದೇ ಪದ. ನನಗೆ ಅದನ್ನು ಕಂಡರೇ ಮೈ ಉರಿಯುತ್ತಿತ್ತು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಣೆಕಟ್ಟಿನ ಹಿನ್ನೀರು ನಮ್ಮ ಕೆಳಗದ್ದೆಗೆ ಬಂತು. ಮೇಲಿನ ಗದ್ದೆಯಲ್ಲಿ ಭತ್ತ ಹೊಡೆಯಾಗಿತ್ತು, ತೆನೆ ಇನ್ನೂ ಗರಿಯೊಳಗೇ ಇತ್ತು. ನಮ್ಮಲ್ಲಿ ಆಗ ಗದ್ದೆಯೇ ಬಸುರಿ. ಭೂಮಿ ಹುಣ್ಣಿಮೆಯ ಮುಂಜಾನೆ ಅವಳಿಗೆ ಬಯಕೆಯ ಊಟ ಹಾಕಬೇಕು. ಅಷ್ಟರಲ್ಲಿ ಅಧಿಕಾರಿಯೊಬ್ಬರು ಶಾಲೆಯ ಜಗಲಿಯಲ್ಲಿ ಸಭೆ ಕರೆದರು. ರಾಜ್ಯಕ್ಕೆ ವಿದ್ಯುತ್ತಿನ ಬಿಕ್ಕಟ್ಟು ಬಂದಿದೆ, ಅಣೆಕಟ್ಟು ತುಂಬಿಸಲೇಬೇಕು, ಹುಣ್ಣಿಮೆಗೆ ಮೊದಲೇ ಲಾರಿ ಬರುತ್ತದೆ, ಎಲ್ಲರೂ ಹೊರಡಿ ಎಂದರು. ಗಂಡಸರೆಲ್ಲ ಕೂತಿದ್ದಂತೆಯೇ ನನ್ನ ಅವ್ವ ಎದ್ದು ನಿಂತಳು.

"ಹೊಟ್ಟೇಲಿ ತೆನೆ ಐತೆ ಸ್ವಾಮಿ. ಬಸ್ರೀನ ಬಿಟ್ಟು ಹ್ಯಾಂಗ್ ಹೋಗಾದು? ಕೊಯ್ಲಿನ ತನಕ ತಡೀರಿ."

ಬಿಕ್ಕಟ್ಟಿನಲ್ಲಿ ತಡೆಯುವ ಮಾತೇ ಇಲ್ಲ ಎಂದು ಅವರು ಮೆತ್ತಗೆ ಹೇಳಿದರು. ಬೈದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು.

ಮನೆಗೆ ಬಂದ ಮೇಲೆ ಅವ್ವ ಆ ಪದದ ಅರ್ಥ ಕೇಳಿದಳು. ಕಾಯಲಿಕ್ಕಾಗದಂಥ ಕಷ್ಟ ಎಂದೆ.

"ಯಾರಿಗ್ ಕಾಯಕ್ಕಾಗಲ್ಲ? ಅವ್ರಿಗಾ, ನಂಗಾ?"

ಆಮೇಲಿನ ದಿನಗಳಲ್ಲಿ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಗದ್ದೆಗೂ ರಸ್ತೆಗೂ ಸುಮ್ಮನೆ ತಿರುಗಿದೆ. ನೀರು ಮಾತ್ರ ತನ್ನ ಪಾಡಿಗೆ ಏರುತ್ತಿತ್ತು.

ಲಾರಿ ಬರುವ ದಿನ ಬೆಳಕು ಹರಿಯುವ ಮುಂಚೆ ಅವ್ವ ಬುಟ್ಟಿ ಹೊತ್ತು ಗದ್ದೆಗೆ ಹೋದಳು. ಹುಣ್ಣಿಮೆ ಇನ್ನೂ ದೂರವಿತ್ತು. ಸೊಪ್ಪು ಬೆರೆಸಿದ ಅನ್ನವನ್ನು ಪೈರಿನ ಮೇಲೆ ಬೀರಿದಳು, ಬುಡದಲ್ಲಿ ಕಡುಬು ಹೂತಳು. ಹೊತ್ತಲ್ಲದ ಹೊತ್ತಿನಲ್ಲಿ ಉಣಿಸುತ್ತಿದ್ದೇನೆ, ಸಿಟ್ಟಾಗಬೇಡ ಎಂದು ಗದ್ದೆಗೆ ಕೈಮುಗಿದಳು. ನನಗೆ ಅಳು ಬಂತು.

ಹೊಸನಗರದ ಕಡೆ ಸಿಕ್ಕ ನೆಲದಲ್ಲಿ ಮರುವರ್ಷ ಪೈರು ಚೆನ್ನಾಗಿಯೇ ಬಂತು. ಭೂಮಿ ಹುಣ್ಣಿಮೆಯ ಹಿಂದಿನ ಸಂಜೆ ಪತ್ರಿಕೆಯಲ್ಲಿ ವಿದ್ಯುತ್ತಿನ ಬಿಕ್ಕಟ್ಟು ತಿಳಿಯಾಯಿತೆಂಬ ಸುದ್ದಿಯಿತ್ತು. ಅವ್ವನಿಗೆ ಓದಿ ಹೇಳೋಣವೆಂದು ಒಳಗೆ ಹೋದೆ. ಅಕ್ಕಪಕ್ಕದ ಮನೆಗಳಲ್ಲಿ ಸೊಪ್ಪು ಹೆಚ್ಚುವ ಸದ್ದು ಕೇಳುತ್ತಿತ್ತು. ನಮ್ಮ ಒಲೆ ತಣ್ಣಗಿತ್ತು, ಬುಟ್ಟಿ ಗೋಡೆಯಲ್ಲೇ ನೇತಾಡುತ್ತಿತ್ತು. ಯಾಕವ್ವಾ ಎಂದೆ.

"ಅಲ್ಲಿ ಬಿಟ್ಟುಬಂದೋಳು ಹಡೀಲೇ ಇಲ್ಲ ಮಗ. ಇವ್ಳಿಗೆ ಯಾವ ಬಾಯಲ್ಲಿ ಉಣ್ಣು ಅನ್ಲಿ?"