ಮಾವನ ಮನೆಯ ಸಾರ್ವಜನಿಕ ಫೋನು

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆಲ್ಲ ಅಮ್ಮ ನನ್ನ ಕೆಲಸದ ಬಗ್ಗೆ ಒಂದೇ ಮಾತು ಹೇಳುತ್ತಿದ್ದಳು: "ಫೋನ್ ಆಫೀಸಿನಲ್ಲಿದಾಳೆ." ಮುಳಬಾಗಿಲಿನ ನಮ್ಮ ಮನೆಯ ನಡುಮನೆಯಲ್ಲಿ ಕೂತು ಕೇಸರಿಭಾತು ತಿನ್ನುತ್ತಿದ್ದವರು ತಕ್ಷಣ ನೆಟ್ಟಗಾಗಿ, ಹಾಗಾದರೆ ನಮ್ಮ ಮನೆಗೊಂದು ಲೈನು ಬೇಗ ಕೊಡಿಸಲಾದೀತೇ ಎಂದು ಕೇಳುತ್ತಿದ್ದರು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ತೊಂಬತ್ತರ ದಶಕ ಅದು. ನನ್ನ ಕೈಯಲ್ಲಿ ಅಂಥದ್ದೇನೂ ಆಗುವುದಿಲ್ಲ ಎಂದು ನಾನು ಹೇಳಿದ ಮೇಲೆ ಉಪ್ಪಿಟ್ಟಿನ ತಟ್ಟೆ ಖಾಲಿ ಮಾಡಿ ಎದ್ದು ಹೋಗುತ್ತಿದ್ದರು. ಅಮ್ಮ ನನ್ನ ಮೇಲೆ ಹರಿಹಾಯುತ್ತಿದ್ದಳು, "ಆಗತ್ತೆ ನೋಡೋಣ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಅಂತ.

ನಾನಿದ್ದದ್ದು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ. ಹೊಸ ಯಂತ್ರಗಳು ಯಾರಿಗೆ ಸಿಗಬೇಕು, ಯಾವ ನಿಯಮದ ಮೇಲೆ ಸಿಗಬೇಕು ಎಂದು ಸರ್ಕಾರಕ್ಕೆ ವರದಿ ಬರೆದುಕೊಡುವುದು ಅದರ ಕೆಲಸ. ಈಗ ಕೋಲಾರದ ಕಾಲೇಜುಗಳಲ್ಲಿ ಇದಕ್ಕೆ ತಂತ್ರಜ್ಞಾನ ನೀತಿ ಎಂದು ದೊಡ್ಡ ಹೆಸರಿಟ್ಟು, ಇದರಲ್ಲಿ ಉದ್ಯೋಗ ಹೇಗಿದೆ ಮೇಡಂ ಎಂದು ಹುಡುಗಿಯರು ನನ್ನನ್ನು ಕೇಳುತ್ತಾರೆ. ಕಾನೂನು ಓದಿಕೊಳ್ಳಿ, ಅರ್ಥಶಾಸ್ತ್ರ ಓದಿಕೊಳ್ಳಿ, ಊರು ಸುತ್ತಿ ಜನರ ಜೊತೆ ಮಾತಾಡಿ ಎಂದು ಹೇಳಿ ಬರುತ್ತೇನೆ. ದಿನವಿಡೀ ಮಾಡುವ ಕೆಲಸ ಏನೆಂದರೆ ಒಂದು ವಾಕ್ಯವನ್ನು ಬರೆಯುವುದು, ಅದನ್ನು ಮೇಲಿನವರು ಹೊಡೆದುಹಾಕುವುದು, ಅದು ಉಳಿಯಲಿ ಎಂದು ಅವರ ಮುಂದೆ ಗೋಗರೆಯುವುದು. ಇದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಕರೆಯುವುದಿಲ್ಲ.

ಹಳ್ಳಿಗೊಂದು ಸಾರ್ವಜನಿಕ ಫೋನು ಎಂಬ ಯೋಜನೆ ನಡೆದಿತ್ತು. ಎಷ್ಟು ಹಳ್ಳಿಗೆ ಫೋನು ಬಂದಿದೆ ಎಂಬ ಲೆಕ್ಕ ಸರ್ಕಾರದ ಹತ್ತಿರವೇ ಇತ್ತು. ಬಂದ ಫೋನನ್ನು ಜನ ಹೇಗೆ ಬಳಸುತ್ತಾರೆ ಎಂದು ನೋಡಿ ಬರಲು ನಮ್ಮ ಸಂಸ್ಥೆಗೆ ಹೇಳಿದ್ದರು. ನನಗೆ ಕನ್ನಡವೂ ಬರುತ್ತದೆ ತೆಲುಗೂ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳನ್ನು ನನ್ನ ತಲೆಗೆ ಕಟ್ಟಿದರು. ಪಟ್ಟಿಯಲ್ಲಿ ತಾಯಲೂರಿನ ಹತ್ತಿರದ ಒಂದು ಹಳ್ಳಿಯೂ ಇತ್ತು. ಅದು ನನ್ನ ಸೋದರಮಾವನ ಊರು. ಫೋನು ಇದ್ದದ್ದೂ ಮಾವನ ಮನೆಯಲ್ಲೇ.

ಮಾವ ಎಂದರೆ ನನಗೆ ಪ್ರಾಣ. ಸೈಕಲ್ ಹೊಡೆಯುವುದನ್ನು ಕಲಿಸಿದವನು, ಹೆಣ್ಣುಮಗು ಯಾಕೆ ಓದಬೇಕು ಎಂದ ನನ್ನ ಅಪ್ಪನನ್ನು ಬೈದು ನನ್ನನ್ನು ಕಾಲೇಜಿಗೆ ಸೇರಿಸಿದವನು. ಊರಲ್ಲಿ ಯಾರ ಮನೆಯ ಜಗಳವಾದರೂ ಅವನ ಹತ್ತಿರವೇ ಬರುತ್ತಿತ್ತು. ಹಿಪ್ಪುನೇರಳೆ ತೋಟವಿತ್ತು, ತೋಟದಲ್ಲಿ ರೇಷ್ಮೆಹುಳು ಸಾಕುವ ಮನೆಯಿತ್ತು. ಫೋನು ಇಡಲು ಜವಾಬ್ದಾರಿಯ ಮನೆ ಬೇಕು ಎಂದು ಬಂದವರಿಗೆ ಊರಿನವರೆಲ್ಲ ಈ ಮನೆಯನ್ನೇ ತೋರಿಸಿದರು. ಫೋನು ನಡುಮನೆಯ ಗೂಡಿನಲ್ಲಿ, ಅತ್ತೆ ಕಸೂತಿ ಹಾಕಿದ ಬಟ್ಟೆಯ ಕೆಳಗೆ ಕೂತಿತು.

ಊರಾಚೆ ಕೇರಿಯಲ್ಲಿದ್ದವರು ಮಾವನ ಮನೆಯ ಜಗಲಿ ಹತ್ತುತ್ತಿರಲಿಲ್ಲ. ಅವರಿಗೆ ಫೋನು ಬಂದರೆ ಅಂಗಳದಲ್ಲಿ ನಿಲ್ಲುತ್ತಿದ್ದರು. ಮಾವ ಒಳಗೆ ರಿಸೀವರ್ ಕಿವಿಗೆ ಇಟ್ಟುಕೊಂಡು, ಅವರು ಕೂಗಿ ಹೇಳಿದ್ದನ್ನು ಫೋನಿಗೆ ಹೇಳುತ್ತಿದ್ದ, ಆ ಕಡೆಯಿಂದ ಬಂದದ್ದನ್ನು ಬಾಗಿಲ ಕಡೆ ತಿರುಗಿ ಕೂಗುತ್ತಿದ್ದ. ಹೆರಿಗೆಯಾದದ್ದು, ಜ್ವರ ಬಿಟ್ಟದ್ದು, ಸತ್ತದ್ದು ಎಲ್ಲವೂ ಮಾವನ ಬಾಯಿಂದಲೇ. ಇದರಲ್ಲಿ ತಪ್ಪೇನಾದರೂ ಇದೆ ಎಂದು ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಊಟದ ನಡುವೆಯೂ ಎದ್ದು ಹೋಗಿ ಮಾತಾಡುತ್ತಿದ್ದ ಮಾವ ಇದನ್ನು ಸೇವೆ ಎಂದೇ ನಂಬಿದ್ದ. ಸಾರ್ವಜನಿಕ ಫೋನು ಎಂದರೆ ಇದೇನಾ ಎಂದು ನನಗೆ ಮೈಯೆಲ್ಲ ಉರಿಯಿತು.

ಮಾವನ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬಳಿದ್ದಳು, ಕೇರಿಯವಳು, ಗಂಡ ಇಲ್ಲದವಳು. ಹುಳುಮನೆಯೊಳಗೆ ಹೋಗಿ ತಟ್ಟೆತಟ್ಟೆಗೂ ಸೊಪ್ಪು ಹಾಕುವವಳೂ ಅವಳೇ. ಅಷ್ಟು ದೂರ ಒಳಗೆ ಬರಬಹುದಿತ್ತು, ಜಗಲಿ ಮಾತ್ರ ಹತ್ತುವ ಹಾಗಿರಲಿಲ್ಲ. ಒಬ್ಬಳೇ ಮಗಳನ್ನು ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಕೆಲಸಗಾರನಿಗೆ ಕೊಟ್ಟಿದ್ದಳು. ಆ ಹುಡುಗಿ ಭಾನುವಾರ ಬೆಳಿಗ್ಗೆ ಅಲ್ಲಿನ ಬೂತಿನಿಂದ ಫೋನು ಮಾಡುತ್ತಿದ್ದಳು. ಆ ಹೊತ್ತಿಗೆ ಇವಳು ಸೆರಗು ಕೊಡವಿಕೊಂಡು ಬಂದು ಅಂಗಳದಲ್ಲಿ ನಿಲ್ಲುತ್ತಿದ್ದಳು. ನಾನಿದ್ದ ಭಾನುವಾರವೂ ನಿಂತಿದ್ದಳು. ಮಾವ ಬಹಳ ಹೊತ್ತು ಕೇಳಿಸಿಕೊಂಡು, ಹೂಂ ಹೂಂ ಎಂದು, ಬಾಗಿಲಿಗೆ ತಿರುಗಿ, ಮಗಳು ಚೆನ್ನಾಗಿದಾಳಂತೆ, ನೀನು ಈಗಲೇ ಬರೋದೇನೂ ಬೇಡ ಅಂತಾಳೆ ಎಂದ. ಅವಳು ಕೈ ಮುಗಿದು ತೋಟಕ್ಕೆ ಹೋದಳು.

ಸಂಜೆ ತೋಟದ ಬದುವಿನ ಮೇಲೆ ಅವಳೇ ನನ್ನನ್ನು ತಡೆದು ನಿಲ್ಲಿಸಿದಳು. "ಒಕ್ಕ ಸಾರಿ ನಾ ಬಿಡ್ಡ ಗೊಂತು ವಿನಾಲಮ್ಮಾ" ಎಂದಳು ತೆಲುಗಿನಲ್ಲಿ. ಒಂದೇ ಒಂದು ಸಲ ಮಗಳ ದನಿ ಕೇಳಬೇಕು, ಅಷ್ಟೇ. ಆಮೇಲೆ ನಮ್ಮ ಕನ್ನಡಕ್ಕೆ ತಿರುಗಿಕೊಂಡು, "ಐನೋರು ಚೆನ್ನಾಗವ್ಳೆ ಅಂತಾರೆ, ಅವರು ಹೇಳಿದ್ರೆ ಸರೀನೇ. ಆದ್ರೂ ದನಿ ಕೇಳಿದ್ರೆ ನಂಗೆ ಗೊತ್ತಾಗ್ತದೆ" ಎಂದಳು. ಹೋಗಿ ನೋಡಿಕೊಂಡು ಬರಬಾರದೇ ಎಂದು ಕೇಳಿದೆ. ಹುಳು ಕೊನೇ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದಿದೆ, ಹೊತ್ತು ಹೊತ್ತಿಗೆ ಸೊಪ್ಪು ಬೀಳದಿದ್ದರೆ ಗೂಡು ಕಟ್ಟುವುದಿಲ್ಲ ಎಂದಳು. ಈ ಬೆಳೆ ಮುಗಿದರೆ ಇನ್ನೊಂದು ಬೆಳೆ. ಅಲ್ಲದೆ ಮಗಳೇ ಬರಬೇಡ ಅನ್ನುತ್ತಿದ್ದಾಳಲ್ಲ, ಅಳಿಯನ ಮನೆಗೆ ಹೇಗೆ ಹೋಗಿ ನಿಲ್ಲುವುದು?

ಬೆಂಗಳೂರಿಗೆ ಹೋಗಿ ವರದಿ ಬರೆದೆ. ಅದರಲ್ಲಿ ಒಂದು ವಾಕ್ಯ: ಯಾರು ಬೇಕಾದರೂ ತಮ್ಮ ಕೈಯಲ್ಲೇ ಹಿಡಿದು ಮಾತಾಡಬಹುದಾದ ಜಾಗದಲ್ಲಿ ಫೋನು ಇರಬೇಕು. ಸಂಸ್ಥೆಯನ್ನು ನಡೆಸುತ್ತಿದ್ದ ನಮ್ಮ ಹಿರಿಯರು ವಿದೇಶದಲ್ಲಿ ಓದಿ ಬಂದವರು, ಎತ್ತರದ ದನಿಯಲ್ಲಿ ಮಾತಾಡದವರು. ಇದು ತಂತ್ರಜ್ಞಾನದ ಪ್ರಶ್ನೆಯಲ್ಲ, ಸಾಮಾಜಿಕ ಪ್ರಶ್ನೆ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ನಗುನಗುತ್ತಲೇ ಅದನ್ನು ಹೊಡೆದುಹಾಕಿ, "ಎಲ್ಲರಿಗೂ ಎಟುಕುವ ಜಾಗದಲ್ಲಿ" ಎಂದು ಬರೆದರು. ಊರಿನಲ್ಲಿ ಯಾರನ್ನು ಕೇಳಿದರೂ ನಮ್ಮ ಮಾವನ ನಡುಮನೆ ಎಲ್ಲರಿಗೂ ಎಟುಕುವ ಜಾಗವೇ ಅನ್ನುತ್ತಾರೆ, ಕೇಳಬೇಕಾದವರನ್ನು ಯಾರೂ ಕೇಳುವುದಿಲ್ಲ ಎಂದು ನಾನು ರೇಗಿದೆ. ನಮ್ಮ ಮೀಟಿಂಗುಗಳಲ್ಲಿ ಅದುವರೆಗೆ ನನ್ನಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲವಂತೆ. ನನ್ನ ಕಾಟ ತಡೆಯಲಾರದೆ ಕೊನೆಗೆ ಒಂದು ಹಳ್ಳಿಯಲ್ಲಿ ಪ್ರಯೋಗ ಮಾಡಿ ನೋಡೋಣ ಎಂದರು.

ನಾನು ಮಾವನ ಊರನ್ನೇ ಹಿಡಿದೆ. ತಂತಿಯನ್ನು ಹೊರಗೆಳೆಸಿ, ಜಗಲಿಯ ಕಂಬಕ್ಕೆ ಹಲಗೆ ಹೊಡೆಸಿ, ಫೋನನ್ನು ಅದರ ಮೇಲೆ ಇಡಿಸಿದೆ. ಅಂಗಳದಲ್ಲಿ ನಿಂತವರಿಗೆ ಕೈಗೆ ಸಿಗುವ ಹಾಗಿತ್ತು. ಜಗಲಿ ಹತ್ತುವ ಪ್ರಶ್ನೆ ಎತ್ತಿದ್ದರೆ ಮಾವ ಒಪ್ಪುತ್ತಿರಲಿಲ್ಲ, ನಾನೂ ಎತ್ತಲಿಲ್ಲ. ನೀನು ಹೇಳ್ತೀಯ ಅಂತ ಒಪ್ತಿದೀನಿ ಕಣೇ ಎಂದ. ಅತ್ತೆ ಕಸೂತಿ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಮೊದಲ ಭಾನುವಾರ ನಮ್ಮ ಹಿರಿಯರೇ ಬಂದರು, ಜೊತೆಗೆ ಫೋಟೋ ತೆಗೆಯುವವನೊಬ್ಬ. ಕೋಲಾರದಿಂದ ಬಂದ ಟೆಲಿಫೋನ್ ಇಲಾಖೆಯ ಅಧಿಕಾರಿ ರಜೆಯ ದಿನ ಹಾಳಾಯಿತೆಂದು ಗೊಣಗುತ್ತಿದ್ದ. ಅಂಗಳದ ತುಂಬ ಜನ, ಕಂಬದ ಹತ್ತಿರ ಆ ಸೊಪ್ಪು ಕೊಯ್ಯುವವಳು. ಫೋನು ಹೊಡೆದುಕೊಂಡಿತು. ಅಭ್ಯಾಸಬಲದಿಂದ ಮಾವನ ಕೈ ಮುಂದೆ ಹೋಯಿತು. ಬಿಡು ಮಾವ, ಅವಳೇ ತಗೊಳ್ಳಲಿ ಎಂದೆ. ಅವಳು ರಿಸೀವರನ್ನು ತಲೆಕೆಳಗಾಗಿ ಹಿಡಿದಳು, ನಾನು ತಿರುಗಿಸಿ ಕೊಟ್ಟೆ. ಕಿವಿಗೆ ಒತ್ತಿಕೊಂಡವಳು ಹಲೋ ಅನ್ನಲಿಲ್ಲ. ಸುಮ್ಮನೆ ಕೇಳಿದಳು, ಕೇಳಿಯೇ ಕೇಳಿದಳು. ಕೊನೆಗೆ, "ನೇನೇನೇ" ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು, ನಾನೇ ಕಣೇ ಅಂತ. ಆಮೇಲೆ ಇನ್ನೇನೋ ಇನ್ನೂ ಮೆಲ್ಲಗೆ ಹೇಳಿ ಫೋನು ಇಟ್ಟಳು.

ಮಗಳು ಏನಂದಳು ಎಂದು ನಮ್ಮ ಹಿರಿಯರು ಕೇಳಿದರು. ನಾನು ತೆಲುಗಿನಲ್ಲಿ ಕೇಳಿದೆ. ಅವಳು ನನ್ನನ್ನು ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. "ಚೆನ್ನಾಗವ್ಳಂತೆ" ಎಂದಳು. ನಮ್ಮ ಹಿರಿಯರ ಮುಖ ಅರಳಿತು, ನನ್ನ ಕೈ ಕುಲುಕಿದರು. ನನಗೂ ಕಣ್ಣು ತುಂಬಿ ಬಂತು, ನನ್ನ ಒಂದು ವಾಕ್ಯ ಕೊನೆಗೂ ಒಬ್ಬಳ ಕೈಗೆ ಸಿಕ್ಕಿತಲ್ಲ ಎಂದು. ಎಂಥ ಮಂಕು ನಾನು! ಆ ಫೋಟೋ ಆ ವರ್ಷದ ವರದಿಯ ಮುಖಪುಟದಲ್ಲಿ ಬಂತು.

ಮಾರನೆಯ ಬೆಳಿಗ್ಗೆ ಅವಳು ಸೊಪ್ಪಿಗೆ ಬರಲಿಲ್ಲ. ಮೊದಲ ಬಸ್ಸಿಗೇ ಮಾಲೂರಿಗೆ ಹೋದಳೆಂದು ಕೇರಿಯವರು ಹೇಳಿದರು. ಹಸಿದ ಹುಳುಗಳನ್ನು ನೋಡಿಕೊಂಡು ಮಾವ ಕೂಗಾಡಿದ. ನಾನು ಬೆಂಗಳೂರಿಗೆ ಹೊರಟುಬಂದೆ.

ಕೆಲವು ವಾರ ಬಿಟ್ಟು ಮತ್ತೆ ಹೋದಾಗ ನೇರ ಕೇರಿಗೇ ಹೋದೆ. ಗುಡಿಸಲಿನ ಮುಂದೆ ಒಂದು ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಮುಂದಿನ ಹಲ್ಲು ಮುರಿದಿತ್ತು. ಮೊಣಕೈ ಸೊಟ್ಟಗೆ ಕೂಡಿಕೊಂಡಿತ್ತು, ಅದು ಹೊಸ ಪೆಟ್ಟಲ್ಲ. ತಾಯಿ ನನಗೆ ಕೂರಲು ಹೇಳಲಿಲ್ಲ. ನಿಂತಲ್ಲೇ ಹೇಳಿದಳು. ಆವತ್ತು ಫೋನಿನಲ್ಲಿ ಮಗಳು ನನ್ನ ಮಾವನೇ ಎತ್ತಿಕೊಂಡಿದ್ದಾನೆಂದು ತಿಳಿದಿದ್ದಳು.

"ಎತ್ತಿದ ತಕ್ಷಣ ಅಂದ್ಲು, ಐನೋರೇ, ಈ ವಾರನಾದ್ರೂ ನಮ್ಮಮ್ಮಂಗೆ ಹೇಳಿ, ಕೈ ಮುರಿದವ್ನೆ ಅಂತ ಆವತ್ತೇ ಹೇಳಿದ್ನಲ್ಲ, ಬಂದು ಕರ್ಕೊಂಡು ಹೋಗೋಕೆ ಹೇಳಿ ಅಂತ." ಅಷ್ಟು ಹೇಳಿ ಅವಳು ಮಗಳ ಕಡೆ ನೋಡಿದಳು. "ಪ್ರತಿ ವಾರಾನೂ ಹೇಳವ್ಳೆ. ಬರಬೇಡ ಅಂತ ಒಂದಿನಾನೂ ಅಂದಿಲ್ಲ."

ಅಲ್ಲಿಂದ ನೇರ ಮಾವನ ಮನೆಗೆ ನಡೆದೆ. ಅವನು ಕಾಫಿ ಕುಡಿಯುತ್ತಿದ್ದ. ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಹೌದು ಕಣೇ, ಹೇಳ್ತಿದ್ದಳು. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಬರುತ್ತೆ, ಒಂದು ಹೋಗುತ್ತೆ. ಇವಳು ಓಡಿ ಹೋದ್ರೆ ಸಂಸಾರ ಮುರಿಯುತ್ತೆ ಅಂತ ಸುಮ್ಮನಿದ್ದೆ. ಈಗ ಮುರೀತಲ್ಲ, ಸಮಾಧಾನ ಆಯ್ತಾ ನಿನಗೆ?" ಎಂದ. ಒಳ್ಳೆಯದನ್ನೇ ಮಾಡಿದೆ ಎಂಬ ನಂಬಿಕೆ ಅವನ ಮುಖದಲ್ಲಿತ್ತು. ನಿನಗೆ ಹುಳಕ್ಕೆ ಸೊಪ್ಪು ಹಾಕೋಳು ಬೇಕಿತ್ತು ಮಾವ, ಅದಕ್ಕೇ ಮಗಳ ಬಾಯಲ್ಲಿ ಬರಬೇಡ ಅನ್ನಿಸಿದೆ ಎಂದುಬಿಟ್ಟೆ. ಅವನು ಲೋಟ ಕೆಳಗಿಟ್ಟು ಒಳಗೆ ಹೋದ. ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅಮ್ಮನೂ ತನ್ನ ಅಣ್ಣನ ಪರವೇ ನಿಂತಳು, ಯಾರದೋ ಮನೆ ಹೆಣ್ಣಿಗೋಸ್ಕರ ಸ್ವಂತ ಮಾವನ ಮುಂದೆ ನಾಲಗೆ ಉದ್ದ ಮಾಡಿದೆ ಎಂದಳು.

ಹಲಗೆ ಕಿತ್ತರು, ಫೋನು ಮತ್ತೆ ಗೂಡಿಗೆ ಹೋಯಿತು. ಪ್ರಯೋಗದ ಅವಧಿ ಇನ್ನೂ ಇತ್ತು, ಆದರೆ ಮಳೆಯಲ್ಲಿ ನೆನೆಯುತ್ತದೆ ಎಂದು ಮಾವ ಅರ್ಜಿ ಬರೆದ, ಅಧಿಕಾರಿ ಒಪ್ಪಿದ. ಆದರೆ ಕೇರಿಯವರು ಯಾರೂ ಮತ್ತೆ ಆ ಅಂಗಳಕ್ಕೆ ಬರಲಿಲ್ಲ. ಯಾರೂ ಮಾತಾಡಿಕೊಂಡಂತಿರಲಿಲ್ಲ, ಜಗಳವನ್ನೂ ಮಾಡಲಿಲ್ಲ. ಹೇಳುವುದಿದ್ದರೆ ತಾಯಲೂರಿನ ಬೂತಿಗೆ ನಡೆದುಕೊಂಡು ಹೋಗುತ್ತಿದ್ದರು, ಹೆರಿಗೆ ನೋವಿನ ಸುದ್ದಿಗೂ.

ವರ್ಷದ ಕೊನೆಗೆ ಲೆಕ್ಕ ಬಂತು. ನಮ್ಮ ಪ್ರಯೋಗದ ಹಳ್ಳಿಯಲ್ಲಿ ಕರೆಗಳು ಪಾತಾಳಕ್ಕೆ ಇಳಿದಿದ್ದವು. ಬಡ ಹಳ್ಳಿಗಳಲ್ಲಿ ಫೋನಿಗೆ ಬೇಡಿಕೆ ಕಡಿಮೆ, ಆರಂಭದ ಕುತೂಹಲ ಮುಗಿದ ಮೇಲೆ ಜನ ಬಳಸುವುದಿಲ್ಲ, ಆದ್ದರಿಂದ ಹೊರಗಿಡುವ ಏರ್ಪಾಡನ್ನು ಬೇರೆ ಕಡೆಗೆ ವಿಸ್ತರಿಸುವ ಅಗತ್ಯವಿಲ್ಲ ಎಂದು ನಮ್ಮ ಹಿರಿಯರು ಬರೆದರು. ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ತುಂಬ ದುಃಖದ ಸಂಗತಿ ಎಂದರು, ಅಡಿಟಿಪ್ಪಣಿಯಾಗಿ ಹಾಕೋಣ ಎಂದರು. ಅಚ್ಚಾಗಿ ಬಂದಾಗ ಅಡಿಟಿಪ್ಪಣಿಯೂ ಇರಲಿಲ್ಲ. ಜಾಗ ಸಾಲಲಿಲ್ಲವಂತೆ. ಅವರ ಮೇಲೆ ಇವತ್ತಿಗೂ ನನಗೆ ಮಾವನ ಮೇಲಿರುವಷ್ಟೇ ಸಿಟ್ಟಿದೆ, ಹೆಚ್ಚೇ ಇರಬಹುದು.

ಮುಂದಿನ ದಶಕದಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು. ನಮ್ಮ ನೀತಿಯಿಂದಲೇ ಬಂತೆಂದು ನಮ್ಮವರು ಬೆನ್ನು ತಟ್ಟಿಕೊಂಡರು. ಆಗೊಮ್ಮೆ, ಮಾವ ಇನ್ನೂ ಬದುಕಿದ್ದಾಗ, ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕಳು. ಕೂದಲು ಪೂರ್ತಿ ನೆರೆತಿತ್ತು. ಕೊರಳಲ್ಲಿ ದಾರ ಕಟ್ಟಿದ ಸಣ್ಣ ಮೊಬೈಲ್ ನೇತಾಡುತ್ತಿತ್ತು. ಮಗಳು ಕೋಲಾರದಲ್ಲಿ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕಿದ್ದಾಳೆ, ದಿನಾ ಮಾತಾಡುತ್ತಾಳೆ ಎಂದಳು. ನನಗೆ ನಿಜವಾಗಿ ಸಂತೋಷವಾಯಿತು, ಹಾಗೇ ಹೇಳಿದೆ. ಪರ್ಸಿನಿಂದ ಪೆನ್ನು ತೆಗೆದು, ನಿಮ್ಮ ನಂಬರು ಕೊಡಿ, ಆಗಾಗ ಫೋನು ಮಾಡ್ತೀನಿ, ಹೇಗಿದೀರಿ ಅಂತ ಕೇಳ್ತೀನಿ ಎಂದೆ.

ಅವಳು ಮೊಬೈಲನ್ನು ರವಿಕೆಯೊಳಗೆ ಸೇರಿಸಿಕೊಂಡು ಸೆರಗು ಎಳೆದುಕೊಂಡಳು. ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ.

"ನಿಮ್ಮಾವನ ಮನೆಗೇ ಮಾಡ್ರಮ್ಮಾ" ಎಂದಳು. "ನಾನು ಹೇಗಿದೀನಿ ಅಂತ ಅವರೇ ಹೇಳ್ತಾರೆ."