ಡರ್ಬನ್‌ವರೆಗೆ ಹೋದ ಕೂಗು

ಗೋರೆಗಾಂವ್‌ನ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಹರಿಣಿಯನ್ನು ಅರಿಯದವರಿಲ್ಲ. ಮೂಲ್ಕಿ ಕಡೆಯ ಹೋಟೆಲಿನವರ ಮಗಳು. ಹಿಂದಿ ಧಾರಾವಾಹಿಗಳ ಎಷ್ಟೋ ಅತ್ತೆಯಂದಿರಿಗೆ ಗಂಟಲು ಕೊಟ್ಟವಳು. ಆದರೆ ಅವಳ ಮೊದಲ ಕೆಲಸ ರೇಡಿಯೋದ್ದು. ಕಾಲೇಜಿನಲ್ಲಿದ್ದಾಗಲೇ ‘ಪಾಂಚವೀ ಸೀಢಿ’, ಅಂದರೆ ಐದನೇ ಮೆಟ್ಟಿಲು, ಎಂಬ ಹಿಂದಿ ಪತ್ತೇದಾರಿ ನಾಟಕದಲ್ಲಿ ಕೊಲೆಯಾಗುವ ಹುಡುಗಿಯಾಗಿದ್ದಳು.

ಆ ನಾಟಕ ಹೊರದೇಶಗಳಲ್ಲೂ ಆಗಿತ್ತೆಂದು ಹೇಳಿದವನು ಸಾಂತಾಕ್ರೂಜ್‌ನ ಪ್ರೀತಮ್. ಹಳೇ ರೇಡಿಯೋ ನಾಟಕ ಕೂಡಿಡುವವರ ಒಂದು ಬಳಗಕ್ಕೆ ಅವನೇ ಮುಖಂಡ.

“ಆಂಟಿ, ಸ್ಕ್ರಿಪ್ಟ್ ಇಲ್ಲಿಯದೇ. ಆಕ್ಟಿಂಗ್ ಮಾಡಿದ್ದು ಮಾತ್ರ ಅಲ್ಲಿನವರು. ಡರ್ಬನ್, ಮಾರಿಷಸ್, ಫಿಜಿ.”

ಹರಿಣಿಗೆ ಹುಚ್ಚೇ ಹಿಡಿಯಿತು. ತಾನಾಡಿದ ಪಾತ್ರವನ್ನು ಕಡಲಾಚೆಯ ಹೆಂಗಸರು ಹೇಗೆ ಆಡಿದರೋ! ಕಂಡಕಂಡವರಿಗೆ ಮೇಲ್ ಬರೆದಳು, ಸತ್ತ ಕಲಾವಿದರ ಮಕ್ಕಳನ್ನು ಫೋನಿನಲ್ಲಿ ಹಿಡಿದಳು. ಮಳೆಗಾಲ ಕಳೆಯುವಷ್ಟರಲ್ಲಿ ಮೂರೂ ಕಡೆಯ ರೆಕಾರ್ಡಿಂಗ್‌ಗಳು ಸಿಕ್ಕವು.

ಮೊದಲು ಫಿಜಿಯದ್ದು ಕೇಳಿದಳು. ಕೊಲೆ ನಡೆಯುವ ಜಾಗ ಅಲ್ಲಿ ಸಕ್ಕರೆ ಕಾರ್ಖಾನೆಯಾಗಿತ್ತು. ಹರಿಣಿ ನಗುತ್ತಿದ್ದಳು. ಆಮೇಲೆ ಆ ಕೂಗು ಬಂತು. ಕೊನೆಯಲ್ಲಿ, ಉಸಿರು ಹರಿದಂತೆ, “ಅಪ್ಪೇ!”

ಫಿಜಿಯ ಹೆಂಗಸು ತುಳುವಿನಲ್ಲಿ ಅಮ್ಮನನ್ನು ಕರೆಯುವುದುಂಟೆ? ಮಾರಿಷಸ್‌ನದು ಹಾಕಿದಳು. ಅದೇ ಕೂಗು. ಡರ್ಬನ್‌ನದರಲ್ಲೂ ಅದೇ. ನಟಿಯರನ್ನು ಬದಲಿಸಿದ್ದರು; ಕೂಗನ್ನು ಮಾತ್ರ ಮುಂಬಯಿಯ ನಾಟಕದಿಂದ, ಹರಿಣಿಯದನ್ನೇ, ಕತ್ತರಿಸಿ ಅಂಟಿಸಿದ್ದರು.

ಅದು ಅಭಿನಯವಾಗಿರಲಿಲ್ಲ. ಎಷ್ಟು ಸಲ ಕೂಗಿದರೂ ಒಪ್ಪದ ನಿರ್ದೇಶಕ ಕಿಶೋರ್ ಸಾಹೇಬ, ಹಿಂದಿನಿಂದ ಬಂದು ಉರಿಯುವ ಸಿಗರೇಟನ್ನು ಅವಳ ಕುತ್ತಿಗೆಗೆ ಒತ್ತಿದ್ದ. ಗಾಜಿನಾಚೆ ಕುಳಿತವರು ಚಪ್ಪಾಳೆ ತಟ್ಟಿದ್ದರು. ಅದು ಒಮ್ಮೆ ಪ್ರಸಾರವಾಗಿ ಗಾಳಿಗೆ ಹೋಯಿತೆಂದೇ ಅವಳು ನಂಬಿದ್ದಳು. ಈಗ ನೋಡಿದರೆ ಮೂರು ದೇಶಗಳಲ್ಲಿ ಜನ ಅದನ್ನು ಚಹಾ ಕುಡಿಯುತ್ತಾ ಸವಿದಿದ್ದರು.

ಬಳಗದ ಭಾನುವಾರದ ಕೂಟದಲ್ಲಿ ಎಲ್ಲರೆದುರು ನಡೆದದ್ದನ್ನು ನಡೆದಂತೆ ಹೇಳಿದಳು. ಕೇಳಿ ಪ್ರೀತಮ್‌ನ ಮುಖ ಅರಳಿತು.

“ಕ್ಯಾ ಸ್ಟೋರಿ ಹೈ ಆಂಟಿ! ಪಾಡ್‌ಕಾಸ್ಟ್ ಮಾಡುವಾ. ಮೊದಲು ಕೂಗು ಹಾಕುವಾ, ಆಮೇಲೆ ನೀವು ಬರ್ತೀರಿ. ಏನೇ ಹೇಳಿ, ಅಂಥ ಪರ್ಫೆಕ್ಟ್ ಕೂಗು ಇನ್ನೊಂದಿಲ್ಲ.”

ಹಿಂದಿನ ಸಾಲಿನಲ್ಲೊಬ್ಬ ಆ ಕೂಗನ್ನು ಮೊಬೈಲಿನಲ್ಲಿ ಹಾಕಿಯೇಬಿಟ್ಟ. ಇಬ್ಬರು ಮೆಚ್ಚಿ ತಲೆದೂಗಿದರು.

“ತಟ್ಟೆಗೆ ಉಗುಳಿದರೂ ನೀವು ಉಪ್ಪು ಹದವಾಗಿ ಉಂಟು ಅಂತೀರಿ ಮಾರಾಯರೆ,” ಎಂದಳು ಹರಿಣಿ. “ಥೂ!”

ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ನಿಗೆ ನಡೆದಳು. ಲೋಕಲ್‌ನಲ್ಲಿ ಯಾರೋ ಮೈ ತಾಗಿಸಿದರೂ ಅಸಹ್ಯವಾಗುತ್ತಿತ್ತು.

ಆ ಕೂಗು ಹೇಗೆ ಬಂತೆಂದು ಮೂರೂ ಕಡೆಯ ನಟಿಯರಿಗೆ ಬರೆದಳು; ಮಾರಿಷಸ್‌ನಿಂದಲೂ ಫಿಜಿಯಿಂದಲೂ ಉತ್ತರವಿಲ್ಲ. ಡರ್ಬನ್‌ನ ನಟಿ ಮಾತ್ರ ಬದುಕಿದ್ದಳು. ಆ ಮುದುಕಿ ಹಿಂದಿಯಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದಳು.

“ನನಗೆ ಕೂಗಲು ಬರುವುದಿಲ್ಲ ಎಂದು ಬೈದು, ಬಾಯಿ ಮುಚ್ಚಿಸಿ ನಿಲ್ಲಿಸಿ ಆ ಕೂಗನ್ನು ಹಾಕಿದ್ದರು, ತಂಗಿ. ಯಂತ್ರದ ಸದ್ದು ಅಂದರು. ‘ಅಪ್ಪೇ’ ಅಂದರೇನು?”

ಹರಿಣಿ ಅರ್ಥ ಹೇಳಿದಳು. ಮುದುಕಿ, “ನನ್ನ ಪ್ರತಿಯಿಂದ ಅದನ್ನು ತೆಗೆಸಿ ಹಾಕುತ್ತೇನೆ,” ಎಂದಳು. ಮೊಮ್ಮಗಳಿಂದ ತೆಗೆಸಿ ಕಳಿಸಿದಳೂ ಹೌದು.

ಹರಿಣಿ ಅದನ್ನು ಅಡುಗೆಮನೆಯಲ್ಲಿ ನಿಂತೇ ಕೇಳಿದಳು. ಬಾಗಿಲು ಕಿರುಗುಟ್ಟಿತು, ಮೆಟ್ಟಿಲ ಮೇಲೆ ಬೂಟಿನ ಸದ್ದು, ಬಳಿಕ ಏನೂ ಇಲ್ಲ, ನೇರ ಪೊಲೀಸಿನವನ ಮಾತು. ನಾಟಕ ಕೆಟ್ಟಿತ್ತು, ಹುಡುಗಿ ಸತ್ತಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಆ ಕೂಗು ಇನ್ನೂ ತಿರುಗುತ್ತಿದೆ, ಪ್ರೀತಮ್‌ನ ಬಳಗ ಇನ್ನೂ ಸೇರುತ್ತದೆ. ಹರಿಣಿ ಆ ಕಡೆ ತಲೆ ಹಾಕುವುದಿಲ್ಲ. ಅವರ ಹೆಸರೆತ್ತಿದರೆ ಇವತ್ತಿಗೂ ಅವಳ ಮುಖ ಹುಳಿ ಹಿಂಡಿದಂತಾಗುತ್ತದೆ. ಡರ್ಬನ್‌ನ ಮುದುಕಿಗೆ ಮಾತ್ರ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ.