ನುಂಗಿದ ಮಹಾಪ್ರಾಣ

ಬೇರೆಯವರು ಲಂಚ ನುಂಗುತ್ತಾರೆ, ಕೆರೆ ನುಂಗುತ್ತಾರೆ, ಸರ್ಕಾರಿ ಜಾಗ ನುಂಗುತ್ತಾರೆ. ಕನ್ನಡ ಮೇಷ್ಟ್ರಾದ ನಾನು ಬೇಕೆಂದೇ ನುಂಗಿದ್ದು ಒಂದೇ ಒಂದು ಅಕ್ಷರ, ಒಂದು ಬಡಪಾಯಿ ‘ಥ’. ಅದು ನನಗೆ ಇವತ್ತಿಗೂ ಅರಗಿಲ್ಲ. ನಿಮ್ಮ ಮುಂದೆ ಹೇಳಿಕೊಂಡರಾದರೂ ಹೊಟ್ಟೆ ಹಗುರಾದೀತೆಂದು ಬರೆಯಲು ಕೂತಿದ್ದೇನೆ.

ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಸೀಮೆಯಲ್ಲಿ ಮಹಾಪ್ರಾಣಕ್ಕೆ ಮೊದಲಿನಿಂದಲೂ ಅಂಥ ಮರ್ಯಾದೆಯೇನಿಲ್ಲ. ‘ಹ’ಕಾರವನ್ನಂತೂ ನಾವು ಹುಟ್ಟುವಾಗಲೇ ಬಿಟ್ಟು ಬಂದವರು. ಹಳ್ಳಿ ನಮಗೆ ಅಳ್ಳಿ, ಹೊಲ ಒಲ, ಹಾಲು ಆಲು. ಗಡಿಯಾಚೆ ಚಾಮರಾಜನಗರದ ನಮ್ಮ ನೆಂಟರೂ ಹೀಗೇ ಮಾತಾಡುವುದರಿಂದ ನಮ್ಮನ್ನು ತಿದ್ದುವವರು ಯಾರೂ ಇರಲಿಲ್ಲ, ನಾನು ಮೇಷ್ಟ್ರಾಗಿ ಬರುವ ತನಕ. ಇಪ್ಪತ್ತಾರು ವರ್ಷದಿಂದ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಯಿಯ ಮುಂದೆ ಅಂಗೈ ಹಿಡಿಸಿ, ‘ಥ ಅನ್ನಿ, ಗಾಳಿ ಅಂಗೈಗೆ ಬಡಿಯಬೇಕು’ ಎಂದು ಹೇಳಿಕೊಡುತ್ತಿದ್ದೇನೆ. ಗಾಳಿ ಬಡಿಯುವುದಿಲ್ಲ, ಎಂಜಲು ಬಡಿಯುತ್ತದೆ. ಗೋಡೆಗೆ ತೂಗು ಹಾಕಿರುವ ಅಕ್ಷರಮಾಲೆಯಲ್ಲಿ ‘ಥ’ಕ್ಕೆ ಏನು ಬರೆಯಬೇಕೆಂದು ಚಿತ್ರಕಾರನಿಗೂ ತೋಚಿಲ್ಲ. ಒಂದು ತಾಮ್ರದ ತಂಬಿಗೆ ಬರೆದು, ಸುತ್ತ ನಾಲ್ಕು ಗೆರೆ ಎಳೆದು, ಕೆಳಗೆ ‘ಥಳಥಳ’ ಎಂದು ಬರೆದು ಕೈತೊಳೆದುಕೊಂಡಿದ್ದಾನೆ. ನಮ್ಮ ಮಕ್ಕಳು ಅದನ್ನು ‘ತ ತಂಬಿಗೆ’ ಎಂದೇ ಓದುತ್ತಾರೆ. ಪಕ್ಕದ ಕೋಣೆಯ ತಮಿಳು ಮಕ್ಕಳಿಗೆ ಈ ತಾಪತ್ರಯವೇ ಇಲ್ಲ. ತ, ಥ, ದ, ಧ ನಾಲ್ಕಕ್ಕೂ ಅವರದು ಒಂದೇ ಅಕ್ಷರ. ಆ ಒಂದೇ ಅಕ್ಷರ ನನ್ನನ್ನು ಹೇಗೆ ಹಳ್ಳಕ್ಕೆ ಕೆಡವಿತು ಎನ್ನುವುದೇ ನಾನು ಹೇಳಹೊರಟ ಕಥೆ.

ಇದರಲ್ಲಿ ಸಿಕ್ಕಿಕೊಂಡ ಇನ್ನೊಂದು ಜೀವ ನನ್ನ ಚಿಕ್ಕವ್ವ, ಹೆತ್ತವ್ವನ ತಂಗಿ. ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷವಂತೆ. ಅವತ್ತಿನಿಂದ ನನಗೆ ತುತ್ತು ಇಟ್ಟವಳು ಇವಳು. ಈಗ ಎಪ್ಪತ್ತು ದಾಟಿದೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ರಕ್ತದಲ್ಲಿ ಸಕ್ಕರೆ. ಮೀನು ಮಾರುವವನ ಸೈಕಲ್ಲು ಬೀದಿಗೆ ಬಂದರೆ ಕದ ಹಾಕಿಕೊಳ್ಳುವವಳು. ಇನ್ನೊಂದು ನೇಮವೂ ಇದೆ: ಬೇಯಿಸಿದ ಕೈ ಯಾವುದೆಂದು ತಿಳಿಯದೆ ಅವಳು ಅನ್ನ ಮುಟ್ಟುವುದಿಲ್ಲ. ನೆಂಟರ ಮನೆಗೆ ಹೋದರೂ ನೇರ ಅಡುಗೆಮನೆಗೆ ನುಗ್ಗಿ, ‘ಯಾರವ್ವಾ ಬೇಯ್ಸಿದ್ದು?’ ಎಂದು ಕೇಳಿ, ಆ ಮುಖ ನೋಡಿಯೇ ಕೂರುವುದು. ಹೋಟೆಲಿನಲ್ಲಿ ಮುಖ ಎಲ್ಲಿ ಕಾಣುತ್ತದೆ? ಹಾಗಾಗಿ ಹೋಟೆಲಿನ ಅನ್ನವನ್ನು ಅವಳು ಈ ಜನ್ಮದಲ್ಲಿ ಉಂಡಿರಲಿಲ್ಲ.

ಅವಳ ಕಣ್ಣಿಗೆ ಪೊರೆ ಬಂದಿತ್ತು. ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ತೋರಿಸಲು ಬೆಳಗಿನ ಬಸ್ಸಿಗೆ ಹೊರಟೆವು. ಬುತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಗಂಟು ಕಟ್ಟಿಕೊಂಡು ಮಡಿಲಲ್ಲಿಟ್ಟುಕೊಂಡಿದ್ದಳು. ಘಾಟಿಯ ನೆತ್ತಿಯ ದಿಂಬಂನಲ್ಲಿ ಬಸ್ಸು ಟೀಗೆಂದು ನಿಂತಿತು. ಚಿಕ್ಕವ್ವ ಕಿಟಕಿಯಾಚೆ ಕಣ್ಣು ಕಿರಿದು ಮಾಡಿ, ‘ಆ ಕೂಸು ಯಾರ್ದ್ಲಾ, ನನ್ನೇ ನೋಡ್ತದೆ’ ಎಂದಳು. ಅದು ಕೂಸಲ್ಲ, ಕೋತಿ. ನಾನು ಬಾಯಿ ತೆರೆಯುವುದರೊಳಗೆ ಕಿಟಕಿಯಿಂದ ಒಂದು ಕೈ ಬಂತು, ಗಂಟು ಹೋಯಿತು. ಘಾಟಿಯ ಇಪ್ಪತ್ತೇಳು ತಿರುವು ಇಳಿಯುವಷ್ಟು ಹೊತ್ತೂ ಚಿಕ್ಕವ್ವ ಆ ಕೋತಿಯ ವಂಶಕ್ಕೆಲ್ಲ ಶಾಪ ಹಾಕಿದಳು.

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಬಿಟ್ಟರು, ಕಾಯಿಸಿದರು, ಮತ್ತೆ ಬಿಟ್ಟರು. ಹೊರಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಸಕ್ಕರೆ ಮಾತ್ರೆ ಬೆಳಿಗ್ಗೆಯೇ ನುಂಗಿದ್ದಳು, ಅನ್ನ ಬಿದ್ದಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು, ಕೈ ನಡುಗುತ್ತಿತ್ತು. ಹತ್ತಿರದ ಅಂಗಡಿಯಲ್ಲಿ ಬಾಳೆಹಣ್ಣು ಕೊಡಿಸಿದೆ. ಒಂದು ತಿಂದು, ಇನ್ನೊಂದನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟಳು. ‘ಒಂದು ತುತ್ತು ಅನ್ನ ಉಣ್ಣು ಚಿಕ್ಕವ್ವ’ ಅಂದರೆ, ‘ಬ್ಯಾಡ ಬುಡು. ಊರ್ಗೋಗಿ ಉಂಡರಾಯ್ತು’ ಅಂತಾಳೆ. ಊರಿಗೆ ಇನ್ನೂ ನಾಲ್ಕೈದು ಗಂಟೆಯ ದಾರಿ. ನನಗೆ ನಿಜವಾಗಿ ಹೆದರಿಕೆಯಾಯಿತು. ಇವಳು ದಾರಿಯಲ್ಲೇ ಕುಸಿದರೆ ಏನು ಮಾಡಲಿ? ಸದ್ಯ ತಣ್ಣಗೆ ಕೂರಿಸೋಣ ಎಂದು ಎದುರಿಗಿದ್ದ ದೊಡ್ಡ ಮಾಲ್‌ಗೆ ಕರೆದುಕೊಂಡು ಹೋದೆ. ಲಿಫ್ಟು ನಮ್ಮನ್ನು ಮೇಲೆ ಒಯ್ದು ಫುಡ್ ಕೋರ್ಟಿನಲ್ಲಿ ಇಳಿಸಿತು.

ಆ ಜಾಗ ನೀವು ನೋಡಿದ್ದೀರೋ ಇಲ್ಲವೋ. ಸುತ್ತ ಹತ್ತು ಹದಿನೈದು ಅಂಗಡಿ, ನಡುವೆ ಮೇಜುಗಳ ಸಂತೆ. ಚಿಕ್ಕವ್ವ ಹನಿಗೆ ಹಿಗ್ಗಿದ ಕಣ್ಣಲ್ಲಿ ಮಬ್ಬುಮಬ್ಬಾಗಿ ನೋಡಿ ಗಾಬರಿಯಾದಳು. ‘ಇದೇನ್ಲಾ, ಇಷ್ಟ್ ಜನ ಉಣ್ತಾವ್ರೆ, ಬಡ್ಸೋರು ಒಬ್ರೂ ಇಲ್ವಲ್ಲ!’ ಎಂದಳು. ಎಷ್ಟೋ ಸಲ ಇಂಥಲ್ಲಿ ತಿಂದಿದ್ದೇನೆ, ನನಗೆ ಅದು ಹೊಳೆದೇ ಇರಲಿಲ್ಲ.

ಆಗ ಅವಳ ಕಣ್ಣಿಗೆ ಆ ಬೋರ್ಡು ಬಿತ್ತು. ಚಿಕ್ಕವ್ವನಿಗೆ ತಮಿಳು ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ. ಹನಿ ಬಿಟ್ಟ ಕಣ್ಣಿಗೆ ಸಣ್ಣದೇನೂ ಕಾಣುತ್ತಿರಲಿಲ್ಲ. ಆದರೆ ಆಳುದ್ದದ ಕೆಂಪು ಅಕ್ಷರ ಕಾಣದೆ ಇರುತ್ತದೆಯೇ? ಕೂಡಿಸಿ ಕೂಡಿಸಿ ಓದಿದಳು: ‘ತಾಯ್... ಉಣವು.’ ಆಮೇಲೆ ನನ್ನ ತೋಳು ಹಿಡಿದು ಕೇಳಿದಳು: ‘ತಾಯಿ ಊಟ ಅಂತ ಬರ್ದವ್ರಲ್ಲ, ತಾಯಿ ಬೇಯ್ಸಿದ್ದಾ?’

ಅಕ್ಷರದ ಕೆಳಗೆ ಇಂಗ್ಲಿಷಿನಲ್ಲಿ ಥಾಯ್ ಎಂದಿತ್ತು, ಪಕ್ಕದಲ್ಲಿ ಬಂಗಾರದ ಗೋಪುರದ ಚಿತ್ರವಿತ್ತು. ಇದು ಥಾಯ್ಲೆಂಡಿನ ಊಟ, ತಾಯಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಕೈ ನನ್ನ ತೋಳಿನ ಮೇಲೆ ನಡುಗುತ್ತಿತ್ತು. ‘ಊಂ ಚಿಕ್ಕವ್ವ, ತಾಯ್ ಊಟವೇ’ ಎಂದುಬಿಟ್ಟೆ. ಸುಳ್ಳು ಹೇಳಲಿಲ್ಲ ನೋಡಿ, ಒಂದು ಮಹಾಪ್ರಾಣ ನುಂಗಿದೆ. ಅವಳ ಪ್ರಾಣ ಮುಖ್ಯವೋ ಅಕ್ಷರದ ಪ್ರಾಣ ಮುಖ್ಯವೋ ಎಂದು ವ್ಯಾಕರಣದ ಯಾವ ಪುಸ್ತಕದಲ್ಲೂ ಹೇಳಿಲ್ಲ.

‘ಅಂಗಾರೆ ತತ್ತಾ’ ಎಂದಳು. ಓಡಿದೆ. ‘ವೆಜ್ ತಾನೇ?’ ಎಂದು ಎರಡು ಸಲ ಕೇಳಿದೆ. ‘ವೆಜ್ ಸಾರ್’ ಎಂದ ಕೌಂಟರಿನವನು ಕೈಗೊಂದು ಕರಿಯ ಬಿಲ್ಲೆ ಕೊಟ್ಟ. ಊಟ ತಯಾರಾದಾಗ ಅದು ಕರೆಯುತ್ತದಂತೆ. ಅದನ್ನು ಚಿಕ್ಕವ್ವನ ಮಡಿಲಲ್ಲಿಟ್ಟೆ. ಐದು ನಿಮಿಷ ಆಗಿರಲಿಲ್ಲ, ಬಿಲ್ಲೆ ಕೆಂಪು ದೀಪ ಮಿನುಗಿಸಿ ಗುರ್ರ್ ಎಂದು ನಡುಗಿತು. ‘ಅಯ್ಯೋ ಶಿವ್ನೆ, ಜೀವ ಅದೆ ಕಣ್ಲಾ ಇದಕ್ಕೆ!’ ಎಂದು ಅವಳು ಕೊಡವಿದ ರಭಸಕ್ಕೆ ಅದು ಮೂರು ಮೇಜಿನಾಚೆ ಹೋಗಿ ಬಿತ್ತು. ಅಲ್ಲೂ ಸುಮ್ಮನಿರದೆ ನೆಲದ ಮೇಲೆ ತೆವಳಿತು.

ನಾನು ಹೋಗಿ ತಂದ ಬಟ್ಟಲಲ್ಲಿ ಬಿಸಿ ಅನ್ನ, ಹಸಿರು ಸಾರು, ತೆಂಗಿನಹಾಲಿನ ಘಮ. ಅವಳು ಕೊರಳಿನ ಲಿಂಗ ಮುಟ್ಟಿ ಕಣ್ಣಿಗೊತ್ತಿಕೊಂಡು ಮೊದಲ ತುತ್ತು ಇಟ್ಟಳು. ‘ಕಾಯಾಲು ಆಕವಳೆ’ ಎಂದಳು. ಎರಡನೆಯ ತುತ್ತಿಗೆ ಬಾಯಿಂದ ನಿಂಬೆ ವಾಸನೆಯ ಒಂದು ಕಡ್ಡಿ ಎಳೆದು ಮೂಸಿದಳು. ‘ಮಜ್ಜಿಗೆ ಉಲ್ಲು! ನಮ್ಮ ಜೀರಳ್ಳಿ ಕಾಡಲ್ಲಿ ಬೆಳೀತದಲ್ಲ ಅದೇಯ. ಈ ತಾಯಿ ನಮ್ಮ ಕಡೆಯೋಳೇ ಕಣ್ಲಾ!’ ಬಟ್ಟಲು ತೊಳೆದಿಟ್ಟಂತೆ ಆಯಿತು. ಹಣೆಯ ಬೆವರು ಆರಿತು, ಕೈಯ ನಡುಕ ನಿಂತಿತು. ನನಗೆ ಅಳು ಬರುವಷ್ಟು ಸಮಾಧಾನವಾಯಿತು.

ಆ ಸಂತೋಷದಲ್ಲಿ ಇನ್ನಷ್ಟು ಅನ್ನ ಕೇಳೋಣ ಎಂದು ಕೌಂಟರಿಗೆ ಹೋದೆ. ಅಲ್ಲಿ, ಒಲೆಯ ಪಕ್ಕ, ಒಂದು ಬಾಟಲಿ ನಿಂತಿತ್ತು. ಬಾಟಲಿಯ ಮೇಲೆ ಒಂದು ಮೀನು. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ ಮೀನು. ಒಲೆಯ ಮುಂದಿದ್ದ ಹೆಂಗಸು ಅದನ್ನೆತ್ತಿ ನಮ್ಮದೇ ಹಸಿರು ಸಾರಿನ ಬಾಣಲೆಗೆ ಸುರುವಿದಳು.

ನನ್ನ ಕಾಲ ಕೆಳಗಿನ ನೆಲ ಆ ಬಿಲ್ಲೆಯ ಹಾಗೆ ನಡುಗಿತು. ‘ವೆಜ್ ಅಂದೆಯಲ್ಲಯ್ಯಾ!’ ಎಂದು ಕೌಂಟರಿನವನ ಮೇಲೆ ಕೂಗಾಡಿದೆ. ಅವನು ನನ್ನನ್ನು ಕನಿಕರದಿಂದ ನೋಡಿ, ‘ವೆಜ್ ದಾನ್ ಸಾರ್. ಮೀನ್ ಪೋಡಲೈ. ಮೀನ್ ಸಾಸ್ ಮಟ್ಟುಂ ದಾನ್’ ಎಂದ. ಮೀನು ಹಾಕಿಲ್ಲವಂತೆ, ಮೀನಿನ ರಸ ಮಾತ್ರವಂತೆ! ಎಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು, ಅವಳು ಸಾಕಿದ ನಾನೇ, ಐದು ನಿಮಿಷದಲ್ಲಿ ಮುರಿಸಿ ಹಾಕಿದ್ದೆ. ತಿರುಗಿ ನೋಡಿದರೆ ಚಿಕ್ಕವ್ವ ಎಲೆಅಡಿಕೆ ಹಾಕಿಕೊಂಡು ತೃಪ್ತಿಯಿಂದ ಕೂತಿದ್ದಳು.

ಹೇಳಲಿಲ್ಲ. ಬಸ್ಸಿನಲ್ಲಿ ಹೇಳೋಣವೆಂದರೆ ಅವಳು ನಿದ್ದೆಹೋದಳು. ಊರಿಗೆ ಬಂದ ಮೇಲೆ ಹೇಳೋಣವೆಂದರೆ ಅವಳು ಬಿಡುವೇ ಕೊಡಲಿಲ್ಲ. ಕೊಯಮತ್ತೂರಿನಲ್ಲಿ ಒಬ್ಬ ತಾಯಿ ಇದ್ದಾಳೆ, ಬೋರ್ಡು ಹಾಕಿಕೊಂಡು ಹಸಿದವರಿಗೆ ಬೇಯಿಸುತ್ತಾಳೆ, ಕಾಯಿಹಾಲು, ಮಜ್ಜಿಗೆ ಹುಲ್ಲು ಹಾಕಿ ಏನು ರುಚಿ ಅಂತೀ ಎಂದು ಜಗಲಿ ಜಗಲಿಗೂ ವರ್ಣಿಸಿದಳು. ಮೂರನೆಯ ದಿನಕ್ಕೆ ಸುದ್ದಿ ಪಕ್ಕದೂರು ಗುಮಟಾಪುರ ಮುಟ್ಟಿತು. ಅಲ್ಲಿಂದ ಬಂದ ಒಬ್ಬಾಕೆ, ‘ಮೇಷ್ಟ್ರೇ, ಆ ತಾಯಿ ಊಟದ್ ಅಡ್ರೆಸ್ ಬರ್ಕೊಡಿ, ನಮ್ ಅತ್ತೆಗೂ ಕಣ್ ತೋರುಸ್ಬೇಕು’ ಎಂದಾಗ ನಾನು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ನಿಂತೆ.

ಎಂಟನೆಯ ದಿನ ಮತ್ತೆ ಆಸ್ಪತ್ರೆಗೆ ಹೋಗಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ನೋಡಿದರೆ ಚಿಕ್ಕವ್ವ ಎರಡು ಗಂಟು ಕಟ್ಟುತ್ತಿದ್ದಾಳೆ. ಒಂದು ನಮಗೆ. ಇನ್ನೊಂದು ಯಾರಿಗೆ ಎಂದು ಕೇಳಿದೆ. ‘ಆ ತಾಯ್ಗೆ. ಉಂಡ್ಬುಟ್ಟು ಮೊಕಾನೂ ನೋಡ್ದೆ ಬಂದ್ಬುಟ್ಟೆ ಕಣ್ಲಾ. ನಾಳೆ ಕಣ್ಗೆ ಔಸ್ದಿ ಬುಡಕ್ ಮುಂಚೇನೇ ಅಲ್ಗೋಗವ’ ಎಂದಳು.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ: ಅದು ಥಾಯ್ಲೆಂಡ್ ಎಂಬ ದೇಶದ ಊಟ, ನಾನು ಅಕ್ಷರ ನುಂಗಿದೆ, ಸಾರಿನಲ್ಲಿ ಮೀನಿನ ರಸವಿತ್ತು. ‘ಮೀನಾ?’ ಎಂದಳು. ಅಷ್ಟೇ. ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡಳು. ವಿಭೂತಿ ಧರಿಸಿ ಲಿಂಗ ಅಂಗೈಲಿಟ್ಟುಕೊಂಡು ಕೂತಳು. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳನ್ನು ನಿಲ್ಲಿಸುತ್ತೇನಲ್ಲ, ಹಾಗೇ ನಾನು ಅಂಗಳದಲ್ಲಿ ನಿಂತಿದ್ದೆ. ಆ ಅರ್ಧ ಗಂಟೆಯಷ್ಟು ಉದ್ದದ ಹೊತ್ತು ನನ್ನ ಬಾಳಿನಲ್ಲಿ ಬಂದಿಲ್ಲ.

ಹೊರಗೆ ಬಂದವಳು ನನ್ನ ಮುಖ ನೋಡದೆ ಹೇಳಿದಳು: ‘ನೀ ಸುಳ್ ಏಳ್ದೆ. ಅದ ನಿನ್ ಕೂಡ ಆಮೇಕೆ ಮಾತಾಡ್ತೀನಿ. ಮೀನಿಂದು ಶಿವಂಗೆ ಒಪ್ಪುಸಿವ್ನಿ. ಈಗ ಒಂದ್ ಮಾತ್ ಏಳು. ಅಂಗಾರೆ ಅಲ್ಲಿ ತಾಯಿ ಇರ್ನಿಲ್ವಾ?’

ಅವಳ ದನಿ ಆಗ ಒಡೆಯಿತು. ಮೀನಿಗೆ ಒಡೆಯದ ದನಿ ಇದಕ್ಕೆ ಒಡೆದದ್ದು ಕಂಡು ನಾನು ದಂಗಾದೆ.

‘ಬೇಯ್ಸಿದ್ದು ಯಾರು ಮತ್ತೆ?’ ಎಂದು ಕೇಳಿದಳು. ಅವತ್ತು ಸಿಟ್ಟಿನಲ್ಲಿ ಕಂಡೂ ಕಾಣದಂತಿದ್ದದ್ದು ಈಗ ನೆನಪಿಗೆ ಬಂತು. ಒಲೆಯ ಮುಂದಿದ್ದ ಹೆಂಗಸು ಈಶಾನ್ಯ ರಾಜ್ಯಗಳ ಕಡೆಯವಳು, ತಲೆಗೆ ಟೋಪಿ ಹಾಕಿದ್ದಳು. ಗೋಡೆಗೆ ಒರಗಿಸಿದ್ದ ಫೋನಿನಲ್ಲಿ ಒಂದು ಮಗು ಏನೋ ತಿನ್ನುತ್ತಿತ್ತು. ಇವಳು ಒಂದು ಕೈಯಲ್ಲಿ ಬಾಣಲೆ ಆಡಿಸುತ್ತ, ಆ ಮಗು ಬಾಯಿ ತೆರೆದಾಗಲೆಲ್ಲ ತಾನೂ ಬಾಯಿ ತೆರೆಯುತ್ತಿದ್ದಳು. ಅದನ್ನೇ ಹೇಳಿದೆ.

‘ಕೂಸ್ಗೆ ಏಸ್ ವರ್ಸ?’

‘ಎರಡೋ ಮೂರೋ ಇರಬೇಕು.’

ಚಿಕ್ಕವ್ವ ಬಿಚ್ಚಿಹೋಗಿದ್ದ ಎರಡನೆಯ ಗಂಟನ್ನು ಬಿಗಿಯಾಗಿ ಕಟ್ಟಿದಳು. ‘ಕೂಸ ಊರಲ್ ಬುಟ್ಟು ಬಂದು ಕಂಡೋರ್ ಮಕ್ಳಿಗೆ ಬೇಯ್ಸಾಕ್ತಾವಳೆ. ತಾಯಿ ಅಲ್ದೆ ಇನ್ನೇನ್ಲಾ ಅವ್ಳು? ಬೋರ್ಡ್ ಸರ್ಯಾಗೇ ಬರ್ದವ್ರೆ. ಮೇಷ್ಟ್ರಾಗೂ ನಿಂಗೆ ಓದಕ್ ಬರಾಕಿಲ್ಲ’ ಎಂದಳು.

ಕಂಡವರ ಮಗುವಿಗೆ ಬೇಯಿಸಿ ಹಾಕುವುದರ ಬಗ್ಗೆ ಅವಳಿಗಿಂತ ಹೆಚ್ಚು ತಿಳಿದವರು ಯಾರಿದ್ದಾರೆ? ಐವತ್ತು ವರ್ಷ ಅವಳ ಕೈಯ ರೊಟ್ಟಿ ತಿಂದು, ಅವ್ವ ಎಂಬ ನಾಮಪದದ ಹಿಂದೆ ‘ಚಿಕ್ಕ’ ಎಂಬ ವಿಶೇಷಣ ಸೇರಿಸಿಯೇ ಕರೆಯುತ್ತ ಬಂದಿದ್ದೆ. ನನಗೆ ನಾಚಿಕೆಯಾಯಿತು.

ಮಾರನೆಯ ದಿನ ದಿಂಬಂನಲ್ಲಿ ಕಿಟಕಿ ಮುಚ್ಚಿಸಿ, ಎರಡು ಗಂಟನ್ನೂ ಸೆರಗಿನೊಳಗೆ ಅವುಚಿಕೊಂಡು ಕೂತಳು. ನಾವು ಹೋದಾಗ ಫುಡ್ ಕೋರ್ಟಿನ ಅಂಗಡಿಗಳು ಆಗ ತಾನೇ ತೆರೆಯುತ್ತಿದ್ದವು. ಆ ಹೆಂಗಸು ಸೊಪ್ಪು ಹೆಚ್ಚುತ್ತಿದ್ದಳು. ಚಿಕ್ಕವ್ವ ನೇರ ಹೋಗಿ ಅವಳ ಮುಖವನ್ನು ಕಣ್ತುಂಬ ನೋಡಿ, ಗಂಟನ್ನು ಕೈಗಿಟ್ಟು, ‘ಉಣ್ಣವ್ವಾ’ ಎಂದಳು. ಆ ಹೆಂಗಸಿಗೆ ಕನ್ನಡ ಬಾರದು, ತಮಿಳೂ ಅಷ್ಟಕ್ಕಷ್ಟೆ. ಆದರೂ ಗಂಟು ಬಿಚ್ಚಿ, ರೊಟ್ಟಿ ಮುರಿದು, ಕರಿಯ ಹುಚ್ಚೆಳ್ಳು ಪುಡಿಗೆ ಒತ್ತಿ ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಗಡಗಡ ಏನೋ ಹೇಳಿದಳು. ಟೀವಿ ನೋಡಿ ಕಲಿತ ನನ್ನ ಹಿಂದಿಗೆ ದಕ್ಕಿದ್ದು ಇಷ್ಟು: ಇದು ಊರಲ್ಲಿ ನಮ್ಮಮ್ಮ ಮಾಡುವ ಚಟ್ನಿಯ ಹಾಗೇ ಇದೆ, ನೀವೂ ಇದಕ್ಕೆ ಒಣ ಮಛಲಿ ಕುಟ್ಟಿ ಹಾಕುತ್ತೀರಾ? ಮಛಲಿ ಎಂದರೆ ಮೀನು.

ಹೌದೆಂದೂ ಅಲ್ಲವೆಂದೂ ಓದಿಕೊಳ್ಳಬಹುದಾದ ಹಾಗೆ ತಲೆಯಾಡಿಸಿದೆ.

‘ಏನಂತ್ಲಾ ಅವ್ಳು?’ ಎಂದು ಚಿಕ್ಕವ್ವ ನನ್ನ ತೋಳು ಹಿಡಿದಳು.

‘ಅವರವ್ವನ ಕೈ ರುಚೀನೇ ಅದೆಯಂತೆ, ಅವ್ವ’ ಎಂದೆ.

ಮಛಲಿಯಲ್ಲೂ ಒಂದು ಮಹಾಪ್ರಾಣವಿದೆ. ಆದರೆ ಈ ಸಲ ನಾನು ಬರೀ ಅಕ್ಷರಕ್ಕೆ ನಿಲ್ಲಿಸಲಿಲ್ಲ, ಇಡೀ ಮೀನನ್ನೇ ನುಂಗಿದೆ.